ಸೀನರಿ ವೀರಭದ್ರಮ್ಮನಿಗೆ ಬಂದ ಬಡ್ಡಿಯಿಲ್ಲದ ಸಾಲ

ಸಿರುಗುಪ್ಪದ ಬಸ್ ಸ್ಟ್ಯಾಂಡಿನಿಂದ ಆದವಾನಿ ರಸ್ತೆಗೆ ತಿರುಗುವ ಮೂಲೆಯಲ್ಲಿ ಉದ್ದನೆಯ ತಗಡಿನ ಶೆಡ್ಡೊಂದಿತ್ತು. ಅದರೊಳಗೆ ಅರಮನೆ, ಕಾಡು, ಜೈಲು, ರಾಜಬೀದಿ, ಒಂದು ಬಡವರ ಮನೆ, ಎಲ್ಲವೂ ಬಿದಿರಿನ ಬೊಂಬಿಗೆ ಸುತ್ತಿಕೊಂಡು ಮಲಗಿರುತ್ತಿದ್ದವು. ಹಳ್ಳಿಯವರಿಗೆ ನಾಟಕ ಆಡುವ ಹುಕಿ ಬಂದಾಗ ವೀಳ್ಯದೆಲೆ ಹಿಡಿದು ಬಂದು, ಮುಂಗಡ ಕೊಟ್ಟು, ಈ ಪರದೆಗಳನ್ನು ಬಾಡಿಗೆಗೆ ಒಯ್ಯುತ್ತಿದ್ದರು. ಪರದೆಗಳನ್ನು ಬರೆದವನು ತಿಪ್ಪೇರುದ್ರಪ್ಪ. ಆದರೆ ಜನ ಅಂಗಡಿಯನ್ನು ಅವನ ಹೆಸರಿನಿಂದ ಕರೆಯುತ್ತಿರಲಿಲ್ಲ. ‘ಸೀನರಿ ವೀರಭದ್ರಮ್ಮನ ಅಂಗಡಿ’ ಎಂದರೇ ಎತ್ತಿನ ಗಾಡಿಯವನಿಗೂ ಗೊತ್ತಾಗುತ್ತಿತ್ತು.

ಯಾಕೆಂದರೆ ತಿಪ್ಪೇರುದ್ರಪ್ಪನಿಗೆ ಬಣ್ಣದ ಡಬ್ಬಿಯಿಂದ ಆಚೆ ಲೋಕವೇ ಇರಲಿಲ್ಲ. ಯಾರಾದರೂ ಬಾಡಿಗೆ ಕೇಳಿದರೆ, “ಅಕೀನ ಕೇಳ್ರಿ” ಎಂದು ಕುಂಚದಿಂದಲೇ ಹೆಂಡತಿಯ ಕಡೆ ತೋರಿಸುತ್ತಿದ್ದ. ಕುರುಗೋಡಿನಿಂದ ಸೊಸೆಯಾಗಿ ಬಂದ ವೀರಭದ್ರಮ್ಮ ಮೊದಮೊದಲು ಬಾಗಿಲ ಹಿಂದೆ ನಿಂತು ಮಾತಾಡಿದಳು, ಆಮೇಲೆ ಬಾಗಿಲಿಗೆ ಬಂದಳು, ಕೊನೆಗೆ ಅಂಗಡಿಯ ಮುಂದೆ ಮಣೆ ಹಾಕಿಕೊಂಡು ಕೂತಳು. ಯಾವ ಊರಿನವರು ಹೇಳಿದ ದಿನಕ್ಕೆ ಪರದೆ ವಾಪಸು ತರುತ್ತಾರೆ, ಯಾವ ಊರಿನವರು ಎಲೆಯಡಿಕೆ ಉಗುಳಿ ಅರಮನೆಗೆ ಕೆಂಪು ಬಣ್ಣ ಹೊಡೆದು ಕಳಿಸುತ್ತಾರೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಚೌಕಾಶಿಯಲ್ಲಿ ಅವಳನ್ನು ಸೋಲಿಸಿದವರಿರಲಿಲ್ಲ.

ಆದರೆ ಬಡ್ಡಿ ಎಂಬ ಒಂದು ಮಾತು ಬಂದರೆ ಮಾತ್ರ ಅವಳ ತಲೆ ಗಿರ್ರೆನ್ನುತ್ತಿತ್ತು. ಕೈಯಲ್ಲಿ ಹಿಡಿಯುವ ದುಡ್ಡು ಅವಳಿಗೆ ತಿಳಿಯುತ್ತಿತ್ತು. ಕೂತಲ್ಲೇ ಬೆಳೆಯುವ ದುಡ್ಡು ತಿಳಿಯುತ್ತಿರಲಿಲ್ಲ.

ಸಾಲ ಆದದ್ದು ಎಪ್ಪತ್ತಾರರಲ್ಲಿ. ಬಳ್ಳಾರಿಯ ಕೆಲವರು ಜರಿ ಹಚ್ಚಿದ ಹೊಳೆಯುವ ಪರದೆಗಳನ್ನು ಲಾರಿಯಲ್ಲಿ ಹಾಕಿಕೊಂಡು ಹಳ್ಳಿಹಳ್ಳಿಗೆ ಬರತೊಡಗಿದ್ದರು. ಸಿರುಗುಪ್ಪದ ಪರದೆ ನೋಡಿದ ಜನ, “ನಿಮ್ಮ ಅರಮನಿ ಯಾಕೋ ಸೋರೂ ಮನಿ ಕಂಡಂಗ ಕಾಣ್ತೈತಲ್ಲವ್ವಾ” ಎನ್ನತೊಡಗಿದರು. ಹೊಸ ಸೆಟ್ಟು ಬರೆಯಲೇಬೇಕಾಯಿತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮರಿಬಸಪ್ಪ ಪರದೆಗೆ ಬೇಕಾದ ದಪ್ಪನೆಯ ಕಾಡಾ ಬಟ್ಟೆಯನ್ನು ಉದ್ರಿ ಕೊಟ್ಟ, ಬಣ್ಣಕ್ಕೆಂದು ನಗದೂ ಕೊಟ್ಟ. ಎಲ್ಲ ಸೇರಿ ಐದು ಸಾವಿರ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅಂದರೆ ತಿಂಗಳು ತಿಂಗಳೂ ನೂರು ರೂಪಾಯಿ. ವೀರಭದ್ರಮ್ಮ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ ಕೊಟ್ಟು ಬರುತ್ತಿದ್ದಳು. ಮೂರು ವರ್ಷ ಹೀಗೆ ನೀರು ಹೊತ್ತಳು. ಗುಡಾಣ ತುಂಬಲಿಲ್ಲ. ಅಸಲು ಐದು ಸಾವಿರ ಐದು ಸಾವಿರವಾಗಿಯೇ ಕೂತಿತ್ತು.

ಎಪ್ಪತ್ತೊಂಬತ್ತರ ಕಾರಹುಣ್ಣಿಮೆ ಮುಗಿದ ವಾರ ತೆಕ್ಕಲಕೋಟೆಯ ದೊಡ್ಡಬಸಪ್ಪ ಅಂಗಡಿಗೆ ಬಂದ. ಅವನದು ಅಕ್ಕಿ ಗಿರಣಿ. ಅಕ್ಕಿಯಷ್ಟೇ ನಾಟಕದ ಹುಚ್ಚೂ ಇದ್ದ ಮನುಷ್ಯ. ಬಂದವನು ಕಾಡಿನ ಪರದೆ ಬಿಚ್ಚಿಸಿ ನೋಡಿದ, ಜಿಂಕೆಯ ಕಣ್ಣು ಚೆನ್ನಾಗಿ ಬಂದಿದೆ ಎಂದು ತಿಪ್ಪೇರುದ್ರಪ್ಪನ ಬೆನ್ನು ತಟ್ಟಿದ, ಆಮೇಲೆ ಮಣೆಯ ಮೇಲೆ ಕೂತು ಚಹ ಕುಡಿಯುತ್ತ ಕೇಳಿದ:

“ಬಳ್ಳಾರಿ ಮರಿಬಸಪ್ಪಗ ತಿಂಗಳಿಗೆ ಎಷ್ಟು ಕಟ್ತೀಯವ್ವಾ?”

“ನೂರು ರೂಪಾಯಿ, ಸಾಹುಕಾರ್ರೆ.”

“ಅಸಲು?”

“ಅದು ಹಂಗ ಕುಂತೈತ್ರಿ.”

ದೊಡ್ಡಬಸಪ್ಪ ಬಟ್ಟಲು ಕೆಳಗಿಟ್ಟ. “ನಾ ಕೊಡ್ತೀನಿ ಐದು ಸಾವಿರ. ಅವನ್ದು ಅವ್ನಿಗೆ ಬಿಸಾಕಿ ಬಾ. ನನಗ ಬಡ್ಡಿ ಬ್ಯಾಡ.”

“ಬ್ಯಾಡಂದ್ರ?”

“ಬ್ಯಾಡಂದ್ರ ಬ್ಯಾಡ. ಬರೋ ಯುಗಾದಿ ತನಕ ಒಂದು ಪೈಸಾ ಬಡ್ಡಿ ಇಲ್ಲ. ಕೊಡೋವಾಗ ಖರ್ಚಿಗಂತ ಇನ್ನೂರೈವತ್ತು ಹಿಡ್ಕೋತೀನಿ, ಅಷ್ಟ. ಯುಗಾದಿ ಒಳಗ ಐದು ಸಾವಿರ ತಂದಿಟ್ಟಿ ಅಂದ್ರ ನೀ ಯಾರೋ ನಾ ಯಾರೋ.”

“ತರಾಕ ಆಗಲಿಲ್ಲಂದ್ರ?”

“ಯಾಕ ಆಗಂಗಿಲ್ಲ?” ಎಂದು ನಕ್ಕ ದೊಡ್ಡಬಸಪ್ಪ. ಚಪ್ಪಲಿ ಮೆಟ್ಟುತ್ತ, ಬಾಗಿಲಲ್ಲಿ ಹೊಸ್ತಿಲು ಇದೆ ನೋಡಿಕೊಂಡು ನಡಿ ಎನ್ನುವಷ್ಟು ಹಗುರವಾಗಿ ಹೇಳಿದ: “ಒಂದು ರೂಪಾಯಿ ಬಾಕಿ ಉಳೀತಂದ್ರೂ ಮೂರು ರೂಪಾಯಿ ಬಡ್ಡಿ. ಪೂರಾ ಐದು ಸಾವಿರದ ಮ್ಯಾಲೆ, ಕೊಟ್ಟ ದಿನದಿಂದ. ಯೋಚ್ನಿ ಮಾಡವ್ವಾ. ಅವಸರ ಏನಿಲ್ಲ.”

ಅವನು ಹೋದ ಮೇಲೆ ವೀರಭದ್ರಮ್ಮ ಬಹಳ ಹೊತ್ತು ಕೂತಲ್ಲಿಂದ ಏಳಲಿಲ್ಲ. ಬಡ್ಡಿ ಇಲ್ಲ ಎಂಬ ಮಾತು ಕಿವಿಗೆ ತಂಪಾಗಿತ್ತು. ಆದರೆ ತಂಪಿನ ಹಿಂದೆ ಏನೋ ಕೊರೆಯುತ್ತಿತ್ತು. ದುಡ್ಡಿರುವವನು ಬಡ್ಡಿ ಬೇಡ ಎಂದು ಯಾಕೆ ಕೊಡುತ್ತಾನೆ? ತಮ್ಮ ಮೇಲೆ ಪ್ರೀತಿಯೇ? ನಾಟಕದ ಮೇಲೆ ಪ್ರೀತಿಯೇ? ತಾವು ಕಟ್ಟಲಾರೆವೆಂಬ ಧೈರ್ಯವೇ?

“ಏನ್ರಿ, ನೀವೇನಂತೀರಿ?” ಎಂದು ಗಂಡನನ್ನು ಕೇಳಿದಳು.

ತಿಪ್ಪೇರುದ್ರಪ್ಪ ಜಿಂಕೆಯ ಇನ್ನೊಂದು ಕಣ್ಣಿಗೆ ಬಿಳಿ ಚುಕ್ಕೆ ಇಡುತ್ತಿದ್ದ. “ತಗೊಂಡುಬಿಡು. ಒಳ್ಳೇ ಮನುಷ್ಯ. ಬಣ್ಣ ಗೊತ್ತೈತಿ ಅವಂಗ.”

“ಬಣ್ಣಕ್ಕೂ ಬಡ್ಡೀಗೂ ಏನ್ ಸಂಬಂಧ?”

“ಹಂಗಾದ್ರ ಬ್ಯಾಡ ಬಿಡು,” ಎಂದ ತಿಪ್ಪೇರುದ್ರಪ್ಪ ಅಷ್ಟೇ ಸಮಾಧಾನದಿಂದ.

ಸಂಜೆ ಹಾರ್ಮೋನಿಯಂ ಮಾಸ್ತರ ಮಾರೆಣ್ಣ ಬಂದ. ಹಳ್ಳಿಗಳಲ್ಲಿ ನಾಟಕ ಕಲಿಸುವುದು ಅವನ ಕೆಲಸ. ಪರದೆ ಬೇಕಾದ ಊರಿನವರನ್ನು ಈ ಅಂಗಡಿಗೆ ಕರೆದುಕೊಂಡು ಬರುತ್ತಿದ್ದವನೂ ಅವನೇ. ಅರ್ಧ ಮಾತು ತೆಲುಗಿನಲ್ಲೇ ಆಡುತ್ತಿದ್ದ. ವಿಷಯ ಕೇಳಿ ಖುಷಿಯಿಂದ ಹಾರಿಬಿದ್ದ.

“ಎಂದುಕಮ್ಮಾ ಭಯ, ಯಾಕ ಹೆದರ್ತಿ? ಯುಗಾದಿಗೆ ಇನ್ನ ಒಂಬತ್ತು ತಿಂಗಳೈತಿ. ಮರಿಬಸಪ್ಪನ ಹತ್ರಾನ ಕುಂತ್ರ ಒಂಬೈನೂರು ಬಡ್ಡಿ ಹೋಗತೈತಿ. ದೊಡ್ಡಬಸಪ್ಪನ ಹತ್ರ ಹೋದ್ರ ಇನ್ನೂರೈವತ್ತು. ಹಿಸಾಬು ಕಣ್ಣಿಗೆ ಹೊಡೀತೈತಿ!”

ವೀರಭದ್ರಮ್ಮನಿಗೂ ಹೊಡೆಯಿತು. ಸರಿ, ತೆಗೆದುಕೊಂಡುಬಿಡೋಣ ಎಂದು ಎದ್ದಳು. ಅಷ್ಟರಲ್ಲಿ ಪಕ್ಕದಲ್ಲಿ ತರಕಾರಿ ಮಾರುವ ಗಂಗಕ್ಕ ಬುಟ್ಟಿ ಎತ್ತಿಡುತ್ತ ಬಾಯಿ ಹಾಕಿದಳು.

“ಮಾರೆಣ್ಣಾ, ಅಕೀಗೆ ದುಡ್ಡು ಬರೋದು ಯಾವಾಗ? ಮಳಿಗಾಲದಾಗ ಯಾರು ನಾಟಕ ಆಡ್ತಾರ? ದೀಪಾವಳಿ ಆದಮ್ಯಾಲೆ ಅಲ್ಲೊಂದು ಇಲ್ಲೊಂದು. ಕೈತುಂಬ ದುಡ್ಡು ಕಾಣೋದು ಯುಗಾದಿ ಆದಮ್ಯಾಲೆ, ಸುಗ್ಗಿ ದುಡ್ಡು ಜನರ ಕೈಗೆ ಬಂದಾಗ. ಆ ಸಾಹುಕಾರ ವಾಯಿದೆ ಇಟ್ಟಿದ್ದು ಯಾವಾಗ? ಯುಗಾದಿಗೆ. ಬೆಲ್ಲ ಹಚ್ಚಿದ ಕೈ ಮುಂದ ಚಾಚಿದ್ರ ಇನ್ನೊಂದು ಕೈಯಾಗ ಏನೈತಿ ನೋಡಬೇಕವ್ವಾ.”

ಮಾರೆಣ್ಣ ಮತ್ತೆ ಲೆಕ್ಕ ಹಾಕಿದ. ಕಟ್ಟಲಾಗದಿದ್ದರೆ ಕೊಡಬೇಕಾದ ಬಡ್ಡಿಯೂ ಖರ್ಚೂ ಸೇರಿ ಸಾವಿರದಾರುನೂರು ಎಂದು ಬಂತು. “ಅಯ್ಯೋ, ಹಂಗಾದ್ರ ಹಳೇ ಸಾಹುಕಾರನ ವಾಸಿ,” ಎಂದ. ವೀರಭದ್ರಮ್ಮ ಕೂತಳು. “ಆದ್ರೂ ಕಟ್ಟಿಬಿಟ್ರ ಎಷ್ಟು ಉಳೀತೈತಿ ನೋಡಮ್ಮಾ,” ಎಂದ. ಮತ್ತೆ ಎದ್ದಳು. ಹೀಗೆ ಏಳುವುದೂ ಕೂರುವುದೂ ಆಗಿ ಕೊನೆಗೆ ಒಲೆಯ ಮೇಲಿನ ಸಾರು ಸೀದುಹೋಯಿತು.

ಆ ತಿಂಗಳ ಬಡ್ಡಿ ಕೊಡಲು ಬಳ್ಳಾರಿಗೆ ಹೋದಾಗ ಮರಿಬಸಪ್ಪನ ಮುಖ ನೋಡಿಯಾದರೂ ಒಂದು ತೀರ್ಮಾನಕ್ಕೆ ಬರೋಣ ಎಂದುಕೊಂಡಳು. ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ ಇದ್ದರು. ಮರಿಬಸಪ್ಪ ಎಂದಿನಂತೆ ಅವಳಿಗೆ ಚಹ ತರಿಸಿದ. ನೂರು ರೂಪಾಯಿ ತೆಗೆದುಕೊಂಡು ಗಲ್ಲಾಪೆಟ್ಟಿಗೆಯಲ್ಲಿ ಹಾಕಿದ. ವೀರಭದ್ರಮ್ಮ ಸೆರಗಿನ ತುದಿ ತಿರುವುತ್ತ ತಿರುವುತ್ತ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಬಾರದೆಂದೇ ಬಂದಿದ್ದಳು. ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ.

ಮರಿಬಸಪ್ಪ ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು. ಅಳತೆಗೋಲನ್ನು ಬಟ್ಟೆಯ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟ.

“ಹೋಗವ್ವಾ. ಬಡ್ಡಿ ಉಳೀತೈತಿ ಅಂದ್ರ ಯಾರಾದ್ರೂ ಹೋಗೋರ. ಒಂದ ಮಾತು ಕೇಳ್ತೀನಿ. ನಿನ್ನ ಗಂಡ ರುದ್ರಪ್ಪ ವಿಷಮಜ್ವರ ಬಂದು ಮಲಗಿದ್ದಾಗ ನೀ ಬಡ್ಡಿ ಕೊಟ್ಟಿದ್ದೇನು?”

“ಇಲ್ರಿ ಅಣ್ಣಾರು. ಮೂರು ತಿಂಗಳು ಕೊಟ್ಟಿರಲಿಲ್ಲ.”

“ನಾ ಕೇಳಿದ್ನೇನು?”

“ಇಲ್ರಿ.”

“ಬಡ್ಡೀಗೆ ಬಡ್ಡಿ ಹಾಕಿದ್ನೇನು?”

“ಇಲ್ರಿ.”

“ಅಷ್ಟ ನೋಡು,” ಎಂದು ಮರಿಬಸಪ್ಪ ಬೇರೆ ಗಿರಾಕಿಯ ಕಡೆ ತಿರುಗಿದ.

ವೀರಭದ್ರಮ್ಮ ಅಂಗಡಿಯಿಂದ ಹೊರಗೆ ಬಂದು ಬಿಸಿಲಲ್ಲಿ ನಿಂತಳು. ಈಗ ಬಡ್ಡಿಯ ಲೆಕ್ಕಕ್ಕೆ ಮನುಷ್ಯತ್ವದ ಲೆಕ್ಕವೂ ಬಂದು ಸೇರಿಕೊಂಡಿತ್ತು. ಮೂರು ತಿಂಗಳು ಸುಮ್ಮನಿದ್ದದ್ದಕ್ಕೆ ಎಷ್ಟು ಬೆಲೆ? ಅದನ್ನು ಎರಡು ರೂಪಾಯಿಯಲ್ಲಿ ಕಳೆಯಬೇಕೋ, ಮೂರು ರೂಪಾಯಿಗೆ ಕೂಡಬೇಕೋ? ಆದರೆ ಈ ಒಳ್ಳೆಯ ಮನುಷ್ಯನಿಗೆ ಮೂರು ವರ್ಷದಲ್ಲಿ ಅವಳು ಸುರಿದದ್ದೂ ಕಡಿಮೆಯಲ್ಲವಲ್ಲ! ಹಾಗೆ ಯೋಚಿಸಿದರೆ ಸಿಟ್ಟು ಬರುತ್ತಿತ್ತು. ಚಹ ನೆನಪಾದರೆ ಸಿಟ್ಟು ಇಳಿಯುತ್ತಿತ್ತು.

ಸಿರುಗುಪ್ಪದ ಬಸ್ಸು ಹತ್ತುವ ಬದಲು ಅವಳು ಕುರುಗೋಡಿನ ಬಸ್ಸು ಹತ್ತಿದಳು. ಅಲ್ಲಿ ಅವಳ ಅಕ್ಕ ಗುರುಬಸಮ್ಮ ಇದ್ದಳು. ಗಂಡ ಕಲ್ಲು ಒಡೆಸುವ ಗುತ್ತಿಗೆಯವನು, ಮನೆಯ ಯಜಮಾನಿಕೆ ಪೂರ್ತಿ ಗುರುಬಸಮ್ಮನದು. ತಂಗಿ ಹೇಳದೆ ಕೇಳದೆ ಬಂದದ್ದು ಕಂಡು ಮೊದಲು ಗಾಬರಿಯಾದಳು. ವಿಷಯ ತಿಳಿದು, “ಇಷ್ಟಕ್ಕ ಹಿಂಗ ಬಾಡಿ ಬಂದೀಯೇನು? ನಡಿ, ದೇವರನ್ನ ಕೇಳೋಣ,” ಎಂದು ತಮ್ಮ ಓಣಿಯ ವೀರಭದ್ರನ ಗುಡಿಗೆ ಕರೆದೊಯ್ದಳು.

ಪೂಜಾರಿ ಮೂರ್ತಿಯ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂ ಅಂಟಿಸಿದ. “ಮನಸ್ಸಿನಾಗ ಕೇಳ್ಕೊಳ್ರಿ. ಬಲಕ್ಕ ಬಿದ್ರ ಆಗ್ಲಿ ಅಂತ, ಎಡಕ್ಕ ಬಿದ್ರ ಬ್ಯಾಡಂತ,” ಎಂದ. ವೀರಭದ್ರಮ್ಮ ಕಣ್ಣು ಮುಚ್ಚಿದಳು. ದೊಡ್ಡಬಸಪ್ಪನ ಹತ್ತಿರ ತೆಗೆದುಕೊಳ್ಳಲೇ ಎಂದು ಕೇಳಿದಳು. ಹೂ ಅಲುಗಲಿಲ್ಲ. ಮರಿಬಸಪ್ಪನ ಮುಖ ನೆನಪಾಯಿತು. ಇದ್ದಲ್ಲೇ ಇರಲೇ ಎಂದು ಕೇಳಿದಳು. ಹೂ ಆಗಲೂ ಅಲುಗಲಿಲ್ಲ. ಗಂಗಕ್ಕನ ಬೆಲ್ಲದ ಕೈ ನೆನಪಾಯಿತು, ಮಾರೆಣ್ಣನ ಒಂಬೈನೂರು ನೆನಪಾಯಿತು. ಬಿಡಲೇ, ತೆಗೆದುಕೊಳ್ಳಲೇ, ಇರಲೇ, ಹೋಗಲೇ ಎಂದು ಮನಸ್ಸು ಹೊರಳಾಡುತ್ತಿದ್ದಾಗ ಬಲಗಡೆಯ ಹೂ ಪಟ್ಟನೆ ಬಿತ್ತು.

“ಬಲಕ್ಕ ಆತು!” ಎಂದು ಗುರುಬಸಮ್ಮ ಕೈಮುಗಿದಳು. “ಏನ್ ಕೇಳಿದ್ದಿ?”

ವೀರಭದ್ರಮ್ಮ ಕಣ್ಣು ಬಿಟ್ಟು ಅಕ್ಕನನ್ನೂ ಪೂಜಾರಿಯನ್ನೂ ನೋಡಿದಳು. “ಅಕ್ಕಾ, ಹೂ ಬಿದ್ದಾಗ ಯಾವುದು ಕೇಳ್ತಿದ್ದೆ ಅಂತ ನನಗ ತಿಳೀವಲ್ದು.”

ಪೂಜಾರಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಇನ್ನೊಮ್ಮೆ ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಒಮ್ಮೆ ಕೊಟ್ಟ ಅಪ್ಪಣೆಯನ್ನು ಮತ್ತೆ ಕೇಳಿದರೆ ದೇವರು ಏನೆಂದುಕೊಂಡಾನು!

ಮನೆಗೆ ಬಂದ ಮೇಲೆ ಗುರುಬಸಮ್ಮ ರೊಟ್ಟಿ ಬಡಿಯುತ್ತ ಕೇಳಿದಳು. “ಎಲ್ಲಾ ನೆಟ್ಟಗಾದ್ರ ಯುಗಾದಿ ಒಳಗ ಎಷ್ಟು ಉಳಿಸ್ತೀ?”

“ಮೂರೂವರಿ, ನಾಕು ಸಾವಿರ ಆದೀತು.”

“ನೆಟ್ಟಗ ಆಗಲಿಲ್ಲಂದ್ರ? ಮಳಿ ಬಂತು, ಪರದೆ ಹರೀತು, ಊರಾಗ ಯಾರೋ ಸತ್ತು ನಾಟಕ ನಿಂತುಹೋತು. ಆವಾಗ?”

ವೀರಭದ್ರಮ್ಮ ಬೆರಳು ಮಡಚುತ್ತ ಯೋಚಿಸಿದಳು. ಕೆಟ್ಟ ಕಾಲದ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. “ಎರಡೂವರಿ ಸಾವಿರಕ್ಕ ಮೋಸ ಇಲ್ಲ.”

“ಹಂಗಾದ್ರ ಅಷ್ಟ ತಗೋ. ಉಳಿದಿದ್ದು ಬಳ್ಳಾರ್ಯಾಗ ಇರ್ಲಿ.”

“ಅರ್ಧಾ ಕೊಡ್ತಾರೇನಕ್ಕಾ ಅವ್ರು?”

“ಕೇಳಿದ್ರ ಬಾಯಿ ಸವೀತೈತೇನು?”

ವೀರಭದ್ರಮ್ಮನಿಗೆ ಇಷ್ಟು ಸುಲಭದ ಮಾತು ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೆ ಮಾರನೆಯ ದಿನ ಸಿರಿಗೇರಿಯ ಮೇಲೆ ಹಾದು ಊರಿಗೆ ಹೋಗುವ ಬಸ್ಸಿನಲ್ಲಿ ಕೂತಾಗ, ಅರ್ಧ ಅಲ್ಲಿ ಅರ್ಧ ಇಲ್ಲಿ ಎಂದರೆ ಇಬ್ಬರು ಸಾಹುಕಾರರಿಗೆ ಸಾಲಗಾರಳಾದಂತಲ್ಲವೇ ಎಂಬ ಹೊಸ ಗೊಂದಲ ಶುರುವಾಯಿತು. ಒಬ್ಬ ಸಾಹುಕಾರನ ಮುಂದೆ ತಲೆ ತಗ್ಗಿಸುವುದೇ ಸಾಕಾಗಿತ್ತು. ಇಳಿಯುವಷ್ಟರಲ್ಲಿ, ಏನಾದರಾಗಲಿ, ಎರಡೂ ಕಡೆ ಅರ್ಧರ್ಧ ತಗ್ಗಿಸಿದರಾಯಿತು ಎಂದುಕೊಂಡಳು.

ತೆಕ್ಕಲಕೋಟೆಯ ಗಿರಣಿಯಲ್ಲಿ ದೊಡ್ಡಬಸಪ್ಪ ಅವಳ ಮಾತು ಕೇಳಿ ಹುಬ್ಬೇರಿಸಿದ.

“ಅರ್ಧಾನಾ? ನಾ ಏನ್ ಕಾಯಿಪಲ್ಲೆ ಮಾರಾಕ ಕುಂತೀನೇನವ್ವಾ?”

“ನನ್ನ ಕೈಲಿ ಆಗೋದು ಅಷ್ಟರಿ ಸಾಹುಕಾರ್ರೆ.”

ಅವನು ಗಿರಣಿಯ ಸದ್ದಿನಲ್ಲಿ ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಸಿಟ್ಟೋ, ಮೆಚ್ಚಿಗೆಯೋ ಅವಳಿಗೆ ತಿಳಿಯಲಿಲ್ಲ. “ಆತು. ಆದ್ರ ಖರ್ಚಿನ ಇನ್ನೂರೈವತ್ತು ಹಂಗ ಇರತೈತಿ. ಐದಕ್ಕೂ ಅಷ್ಟ, ಎರಡೂವರೀಗೂ ಅಷ್ಟ. ಬರೆಯೋ ಕಾಗದ ಒಂದ ಅಲ್ಲೇನು?”

ಇದು ನ್ಯಾಯವೇ ಅನ್ಯಾಯವೇ ಎಂದು ಯೋಚಿಸುವಷ್ಟರಲ್ಲಿ ಅವಳು ತಲೆಯಾಡಿಸಿಬಿಟ್ಟಿದ್ದಳು. ಸಾಲದ ಕಾಗದಕ್ಕೆ, ಅಂದರೆ ಪ್ರೋನೋಟಿಗೆ, ಅವಳೂ ತಿಪ್ಪೇರುದ್ರಪ್ಪನೂ ಸಹಿ ಮಾಡಿದರು. ಖರ್ಚು ಹಿಡಿದದ್ದರಿಂದ ಕಡಿಮೆ ಬಿದ್ದ ದುಡ್ಡಿಗೆ ಮನೆಯಲ್ಲಿದ್ದ ಹಿತ್ತಾಳೆಯ ಹಂಡೆ ಮಾರಿದಳು. ಬಳ್ಳಾರಿಗೆ ಹೋಗಿ ಎರಡೂವರೆ ಸಾವಿರ ಕೊಟ್ಟಾಗ ಮರಿಬಸಪ್ಪ ಎಣಿಸಿಕೊಂಡು ಅಸಲಿನಲ್ಲಿ ಕಳೆದ. ಆವತ್ತು ಚಹ ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಅವಳಿಗೆ ಐವತ್ತು ರೂಪಾಯಿ ಕಡಿಮೆಯಾದ ಸುಖಕ್ಕಿಂತ ಚಹ ಬಾರದ ದುಃಖವೇ ದೊಡ್ಡದಾಗಿ ಕಂಡಿತು. ಅದಕ್ಕೂ ತನ್ನನ್ನೇ ಬೈದುಕೊಂಡಳು.

ದೀಪಾವಳಿ ಆದ ಮೇಲೆ ಊರುಗಳಿಂದ ವೀಳ್ಯ ಬರತೊಡಗಿತು. ಆ ವರ್ಷ ಕಾಲುವೆ ನೀರು ಚೆನ್ನಾಗಿ ಬಂದು ಬತ್ತ ಚೆನ್ನಾಗಿತ್ತು, ಜನರ ಮನಸ್ಸೂ ದೊಡ್ಡದಾಗಿತ್ತು. ಬಂದ ಬಾಡಿಗೆಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು ವೀರಭದ್ರಮ್ಮ ಬೇಳೆಯ ಡಬ್ಬಿಯೊಳಗೆ ಗಂಟು ಕಟ್ಟಿಡುತ್ತಿದ್ದಳು. ಸಿರಿಗೇರಿಯಲ್ಲಿ ಗಾಳಿ ಎದ್ದು ಕಾಡಿನ ಪರದೆ ನಡುವೆ ಸೀಳಿತು. ತಿಪ್ಪೇರುದ್ರಪ್ಪ ಹೊಲಿದು, ಹೊಲಿಗೆಯ ಮೇಲೆ ಒಂದು ಬಳ್ಳಿ ಬರೆದು, ಮೊದಲಿಗಿಂತ ಚೆನ್ನಾಯಿತೆಂದು ಸಂತೋಷಪಟ್ಟ. ಬಣ್ಣಕ್ಕೆ ಗಂಟಿನಿಂದ ತೆಗೆಯಬೇಕಾಯಿತು. ಎಷ್ಟು ತುಂಬಿದರೂ ಯುಗಾದಿ ಹತ್ತಿರ ಬಂದಾಗ ಗಂಟು ಇನ್ನೂ ಸ್ವಲ್ಪ ಕಡಿಮೆ ಇತ್ತು.

ಹಬ್ಬಕ್ಕೆ ಮೂರೇ ದಿನ ಇರುವಾಗ ದೊಡ್ಡಬಸಪ್ಪನ ಗುಮಾಸ್ತ ಬಂದ. ಸಾಹುಕಾರನ ಹೆಂಡತಿಯ ತವರು ರಾರಾವಿ. ಅಲ್ಲಿ ಯುಗಾದಿಗೆ ನಾಟಕವಂತೆ, ಸಾಹುಕಾರನೇ ಗೌಡನ ಪಾರ್ಟು ಮಾಡುತ್ತಾನಂತೆ, ಪೂರಾ ಸೆಟ್ಟು ಬೇಕಂತೆ. ಬಾಡಿಗೆಯ ಮಾತು ಗುಮಾಸ್ತ ಎತ್ತಲಿಲ್ಲ.

“ಇದಕ್ಕ ನೋಡು ಬಡ್ಡಿ ಬ್ಯಾಡಂದಿದ್ದು!” ಎಂದಳು ಗಂಗಕ್ಕ. ಮಾರೆಣ್ಣ, “ಕೇಳಬ್ಯಾಡಮ್ಮಾ, ಸಾಲ ಕೊಟ್ಟೋರ ಹತ್ರ ಬಾಡಿಗಿ ಕೇಳ್ತಾರೇನು?” ಎಂದ. ತಿಪ್ಪೇರುದ್ರಪ್ಪ ಮಾತ್ರ, “ಕೇಳು. ಬಣ್ಣ ಪುಕ್ಕಟೆ ಬರಂಗಿಲ್ಲ,” ಎಂದ. ಅವನು ವ್ಯವಹಾರದ ಮಾತಾಡಿದ್ದು ಅದೇ ಮೊದಲು. ಬಾಡಿಗೆ ಬಂದರೆ ಗಂಟು ತುಂಬುತ್ತಿತ್ತು, ಬಾರದಿದ್ದರೆ ತುಂಬುತ್ತಿರಲಿಲ್ಲ. ವೀರಭದ್ರಮ್ಮ ಹೆದರಿ ಹೆದರಿ, ಎಲ್ಲರಿಗೂ ಹೇಳುವ ಬಾಡಿಗೆಯನ್ನೇ ಗುಮಾಸ್ತನಿಗೆ ಹೇಳಿ ಕಳಿಸಿದಳು. ಮಾರನೆಯ ದಿನವೇ ಪೂರಾ ದುಡ್ಡು ಬಂತು. ಜೊತೆಗೆ ಒಂದು ಚೀಲ ಅಕ್ಕಿ ನುಚ್ಚು.

ಆ ನುಚ್ಚು ಅವಳನ್ನು ಮತ್ತಷ್ಟು ಕಂಗೆಡಿಸಿತು. ಕೆಟ್ಟವನು ನುಚ್ಚು ಕಳಿಸುತ್ತಾನೆಯೇ? ಒಳ್ಳೆಯವನು ಅರ್ಧ ಸಾಲಕ್ಕೆ ಪೂರಾ ಖರ್ಚು ಹಿಡಿಯುತ್ತಾನೆಯೇ?

ಯುಗಾದಿಯ ಹಿಂದಿನ ದಿನ ಬೆಳಿಗ್ಗೆಯೇ ಪರದೆಗಳ ಜೊತೆ ತಿಪ್ಪೇರುದ್ರಪ್ಪ ಗಾಡಿಯಲ್ಲಿ ರಾರಾವಿಗೆ ಹೋದ. ವೀರಭದ್ರಮ್ಮ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ತೆಕ್ಕಲಕೋಟೆಯ ಬಸ್ಸು ಹತ್ತಿದಳು. ಅದೇ ವಾಯಿದೆಯ ಕೊನೆಯ ದಿನ. ಇಷ್ಟು ದಿನ ತಡೆದದ್ದು ಯಾಕೆಂದರೆ ರಾರಾವಿಯ ಬಾಡಿಗೆ ಬಂದು ದುಡ್ಡು ಕೂಡಿದ್ದೇ ಹಿಂದಿನ ಸಂಜೆ.

ಗಿರಣಿಯಲ್ಲಿ ದೊಡ್ಡಬಸಪ್ಪ ಇರಲಿಲ್ಲ.

“ಸಾಹುಕಾರ್ರು ಊರಾಗಿಲ್ಲ,” ಎಂದ ಗುಮಾಸ್ತ.

“ಎಲ್ಲಿ ಹೋಗ್ಯಾರ?”

“ನನಗ ಹೇಳಿ ಹೋಗ್ತಾರೇನಮ್ಮಾ?”

“ದುಡ್ಡು ನೀವು ತಗೊಳ್ರಿ. ಇವತ್ತೇ ಕೊನೇ ದಿನ.”

“ನನಗ ಅಪ್ಪಣಿ ಇಲ್ಲ. ಹಬ್ಬ ಮುಗಿಸ್ಕೊಂಡು ಬರ್ರಿ.”

ವೀರಭದ್ರಮ್ಮ ಸೊಂಟದ ಗಂಟನ್ನು ಮುಟ್ಟಿ ನೋಡಿಕೊಂಡಳು. ಹಬ್ಬ ಮುಗಿದರೆ ವಾಯಿದೆಯೂ ಮುಗಿಯುತ್ತದೆ. ಮೂರು ರೂಪಾಯಿ ಬಡ್ಡಿ, ಕೊಟ್ಟ ದಿನದಿಂದ. ದುಡ್ಡು ಸೊಂಟದಲ್ಲಿದೆ, ತೆಗೆದುಕೊಳ್ಳುವವನೇ ಇಲ್ಲ! ಬೇಕೆಂದೇ ತಪ್ಪಿಸಿಕೊಂಡನೇ? ಗಂಗಕ್ಕ ಹೇಳಿದ ಇನ್ನೊಂದು ಕೈ ಇದೇ ಇರಬೇಕು. ಗಿರಣಿಯ ಮುಂದಿನ ಬೇವಿನ ಮರದ ಕೆಳಗೆ ಕೂತಳು, ಎದ್ದಳು, ಸಾಹುಕಾರನ ಮನೆಗೆ ಹೋದಳು. ಮನೆಗೆ ಬೀಗ. ಎದುರು ಮನೆಯ ಮುದುಕಿ ಹೊಸ್ತಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. “ಎಲ್ಲಾರೂ ರಾರಾವಿಗೆ ಹೋದ್ರಲ್ಲವ್ವಾ, ನಾಟಕಕ್ಕ,” ಎಂದಳು.

ವೀರಭದ್ರಮ್ಮ ಹಣೆ ಚಚ್ಚಿಕೊಂಡಳು. ರಾರಾವಿಯ ನಾಟಕ! ತನ್ನದೇ ಪರದೆ, ತನ್ನದೇ ಗಂಡ! ಹಬ್ಬಕ್ಕೆ ಹೋಗುವ ಮನುಷ್ಯ ಮೊದಲೇ ಹೋಗಿರುತ್ತಾನೆಂದು ಯಾಕೆ ಹೊಳೆಯಲಿಲ್ಲ? ಇದು ಅವನ ಮೋಸವೋ, ತನ್ನ ಮಂಕೋ? ಮರಳಿ ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ಹಬ್ಬದ ಗದ್ದಲದಲ್ಲಿ ಬಾಗಿಲಿಗೆ ಜೋತುಬಿದ್ದ ಬಸ್ಸು ಹತ್ತಿ ರಾರಾವಿ ತಲುಪುವಾಗ ಹೊತ್ತು ಇಳಿಮುಖವಾಗಿತ್ತು.

ಶಾಲೆಯ ಬಯಲಿನಲ್ಲಿ ರಂಗ ಕಟ್ಟಿದ್ದರು. ತಿಪ್ಪೇರುದ್ರಪ್ಪ ಮೇಲೆ ಹತ್ತಿ ಬೊಂಬಿಗೆ ಹಗ್ಗ ಬಿಗಿಯುತ್ತಿದ್ದ. ಕೆಳಗೆ ಮಾರೆಣ್ಣನ ಹಾರ್ಮೋನಿಯಂ. ಬಡವರ ಮನೆಯ ಪರದೆಯ ಮುಂದೆ, ಅಂಚಿನ ರುಮಾಲು ಸುತ್ತಿಕೊಂಡು, ಕೈಯಲ್ಲಿ ಹಾಳೆ ಹಿಡಿದು ದೊಡ್ಡಬಸಪ್ಪ ನಿಂತಿದ್ದ. ಒಂದೇ ಮಾತನ್ನು ಮತ್ತೆ ಮತ್ತೆ ತಪ್ಪಾಗಿ ಹೇಳುತ್ತಿದ್ದ, ಮಾರೆಣ್ಣ ಮತ್ತೆ ಮತ್ತೆ ತಿದ್ದುತ್ತಿದ್ದ.

“ಸಾಹುಕಾರ್ರೆ!” ಎಂದು ಕೂಗುತ್ತಲೇ ಅವಳು ರಂಗದ ಮೇಲೆ ಹತ್ತಿದಳು. ಗಂಟು ಬಿಚ್ಚಿ ಮುಂದೆ ಹಿಡಿದಳು. “ಎರಡೂವರಿ ಸಾವಿರ. ಎಣಿಸ್ಕೊಳ್ರಿ. ಹೊತ್ತು ಮುಳುಗಿಲ್ಲ.”

ದೊಡ್ಡಬಸಪ್ಪ ನಿದ್ದೆಯಿಂದ ಎದ್ದವನಂತೆ ಅವಳನ್ನು ನೋಡಿದ. “ಏನಿದು?”

“ನಿಮ್ಮ ದುಡ್ಡು. ನಾಳೆ ಯುಗಾದಿ.”

“ಓ... ಹೌದಲ್ಲ,” ಎಂದ. ಎಣಿಸದೆ ಅಂಗಿಯ ಒಳಜೇಬಿಗೆ ತುರುಕಿಕೊಂಡ. “ಅಲ್ಲವ್ವಾ, ನೀ ನಾಟಕ ಭಾಳ ನೋಡೀಯಲ್ಲ. ‘ಈ ಊರಿನ ಗೌಡ ನಾನು’ ಅನ್ನೋವಾಗ ಎದಿ ಮ್ಯಾಲೆ ಕೈ ಇಡಬೇಕೋ, ಮೀಸಿ ಮ್ಯಾಲೋ?”

ವೀರಭದ್ರಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಮೊದಲ ಮುಟ್ಟೈತಿ ಅಂತ ಬರದು ಕೊಡ್ರಿ. ಆಮ್ಯಾಲೆ ಹೇಳ್ತೀನಿ,” ಎಂದಳು. ಅವನು ಪಾರ್ಟಿನ ಹಾಳೆಯ ಒಂದು ಮೂಲೆ ಹರಿದು, ಹಣ ಮುಟ್ಟಿತು ಎಂದು ಬರೆದು ಸಹಿ ಹಾಕಿದ. ಆ ಮೇಲೆ ಅವಳು, “ಮೀಸಿ ಮ್ಯಾಲ್ರಿ,” ಎಂದಳು.

ಪರದೆಯ ಹಿಂದೆ ಗಂಡನನ್ನು ಹಿಡಿದುಕೊಂಡಳು. “ಬೆಳಿಗ್ಗಿಂದ ಅವ್ರು ಇಲ್ಲೇ ಇದ್ರೇನು?”

“ಹೂಂ. ನನ್ನ ಜೋಡೀನ ಉಪ್ಪಿಟ್ಟು ತಿಂದ್ರು.”

“ದುಡ್ಡಿನ ಮಾತು ಏನಾದ್ರೂ ಆಡಿದ್ರೇನು? ವಾಯಿದೆ ನೆನಪಿತ್ತೇನು ಅವ್ರಿಗೆ?”

ತಿಪ್ಪೇರುದ್ರಪ್ಪ ಯೋಚಿಸಿದ. “ನಿನ್ನ ಹೆಂಡ್ತಿ ಎಲ್ಲಿ, ಬರಂಗಿಲ್ಲೇನು ಅಂತ ಎರಡು ಸಲ ಕೇಳಿದ್ರಪ್ಪ.”

ಆ ಪ್ರಶ್ನೆಯನ್ನು ವೀರಭದ್ರಮ್ಮ ಎಷ್ಟೋ ದಿನ ಉರುಳಿಸಿ ಉರುಳಿಸಿ ನೋಡಿದಳು. ಬರಲಿ ಎಂದು ಕೇಳಿದನೋ, ಬಾರದಿರಲಿ ಎಂದು ಕೇಳಿದನೋ? ಹಬ್ಬದ ಮೂರನೆಯ ದಿನ ಗುಮಾಸ್ತ ತಾನಾಗಿಯೇ ಪ್ರೋನೋಟು ತಂದು ಅವಳ ಕೈಗಿಟ್ಟು ಹೋದ. ಅವನನ್ನು ನಿಲ್ಲಿಸಿ, “ಸಾಹುಕಾರ್ರು ರಾರಾವಿಗೆ ಹೋಗ್ಯಾರಂತ ಆವತ್ತು ನಿನಗ ಗೊತ್ತಿತ್ತೇನಪ್ಪಾ?” ಎಂದು ಕೇಳಿದಳು. ಗುಮಾಸ್ತ ಸೈಕಲ್ ಹತ್ತಿದ.

ಮರಿಬಸಪ್ಪನ ಉಳಿದ ಅರ್ಧ ತೀರಲು ಇನ್ನೂ ಎರಡು ಸುಗ್ಗಿ ಬೇಕಾದವು. ಈಗ ಅವಳು ಬಡ್ಡಿಯ ಜೊತೆ ಅಸಲಿಗೂ ಅಷ್ಟಿಷ್ಟು ಕೊಡುತ್ತಿದ್ದಳು. ಮೊದಲ ಸಲ ಅಸಲಿಗೆಂದು ಇನ್ನೂರು ಕೊಟ್ಟಾಗ ಮರಿಬಸಪ್ಪ, “ಇಷ್ಟು ವರ್ಷ ಯಾಕ ಹಿಂಗ ಕೊಡಲಿಲ್ಲ?” ಎಂದು ಕೇಳಿದ. “ನೀವು ಕೇಳಲಿಲ್ಲಲ್ರಿ,” ಎಂದಳು. ಅವನು ಅಂಗಡಿಯ ಆಳನ್ನು ಕರೆದು ಚಹ ಹೇಳಿದ.

ಒಂದು ಸಂಜೆ ಅಂಗಡಿಯ ಮುಂದೆ ಮಾರೆಣ್ಣ ಕೂತು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದ. ಅರ್ಧ ಸಾಲ ಸರಿಸಿದ್ದರಿಂದ ಉಳಿದ ಬಡ್ಡಿ ನಾನೂರೈವತ್ತು, ಖರ್ಚಿಗೆ ಹೋದದ್ದು ಇನ್ನೂರೈವತ್ತು.

“ಇನ್ನೂರು ರೂಪಾಯಿ ಫಾಯ್ದಾ ಆತಮ್ಮಾ ನಿನಗ!”

“ಬಸ್ ಚಾರ್ಜು ಕಳದ್ಯೇನು?”

“ಅದನ್ನ ಬಿಡು.”

“ಹಂಡೆ?”

“ಹಂಡೆ ಬ್ಯಾರೆ ಲೆಕ್ಕ.”

ವೀರಭದ್ರಮ್ಮ ಒಳಗೆ ಹೋಗಿ ಬೇಳೆಯ ಡಬ್ಬಿ ತೆಗೆದು ನೋಡಿದಳು. ಅದರಲ್ಲಿ ಬೇಳೆ ಇತ್ತು. ಹೊರಗೆ ಬಂದು ಮಣೆಯ ಮೇಲೆ ಕೂತಳು.

“ಮಾರೆಣ್ಣಾ, ಕೊಟ್ಟಿದ್ದು ಎಲ್ಲಿ ಹೋತಂತ ನನಗ ಗೊತ್ತೈತಿ. ಈ ಉಳಿದ ಇನ್ನೂರು ರೂಪಾಯಿ ಎಲ್ಲೈತಪ್ಪಾ?”

ಮಾರೆಣ್ಣ ಹಾರ್ಮೋನಿಯಂ ಎಳೆದುಕೊಂಡ. ಒಳಗೆ ತಿಪ್ಪೇರುದ್ರಪ್ಪ ಹೊಸ ಪರದೆಗೆ ನೀಲಿ ಬಣ್ಣ ಸಾಲದು ಎಂದು ಕೂಗುತ್ತಿದ್ದ.